ಉಳಿತಾಯ ಬಜೆಟ್ಟಿನ ಮೆಂಬರ್ರು

ನಮ್ಮ ವಾರ್ಡಿನ ಪುರಸಭಾ ಸದಸ್ಯರನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಹೆಸರು ಇರುವುದು ಹುಟ್ಟುಹಬ್ಬದ ಫ್ಲೆಕ್ಸಿಗೆ. ಮಿಕ್ಕಂತೆ ಅವರು ‘ಮೆಂಬರ್ರು’. ಫೋನ್ ಎತ್ತಿಕೊಂಡರೆ ಮನೆಯವರೂ ‘ಮೆಂಬರ್ರು ಸ್ನಾನಕ್ಕೆ ಹೋಗಿದ್ದಾರೆ’ ಅಂತಲೇ ಹೇಳುವುದು. ನಲ್ಲಿಯಲ್ಲಿ ನೀರು ಬಾರದ ದಿನ ಈ ಸ್ನಾನ ಮಧ್ಯಾಹ್ನದವರೆಗೂ ನಡೆಯುತ್ತದೆ. ಅವರಿಗೆ ಅಷ್ಟು ನೀರು ಎಲ್ಲಿಂದ ಬರುತ್ತದೆ ಎಂಬುದು ಓಣಿಯವರ ಬಹುಕಾಲದ ಪ್ರಶ್ನೆ.

ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆಂದು 18 ಕೆಲಸಗಳ ಪಟ್ಟಿ ಕೊಟ್ಟಿದೆ. ನಗರ ಯೋಜನೆಯಿಂದ ಶುರುವಾಗಿ ಕಸಾಯಿಖಾನೆಯವರೆಗೆ ಬರುತ್ತದೆ. ನಡುವೆ ನೀರು, ಬೀದಿದೀಪ, ಉದ್ಯಾನ, ಸ್ಮಶಾನ ಎಲ್ಲ ಇವೆ. ಇಷ್ಟಕ್ಕೆ ಕಾಸೆಲ್ಲಿ ಎಂಬುದು ಹತ್ತೊಂಬತ್ತನೆಯದು. ಅದನ್ನು ಮಾತ್ರ ಬರೆಯದೆ ಮೆಂಬರ್ರ ಸಾಮರ್ಥ್ಯಕ್ಕೆ ಬಿಟ್ಟಿದ್ದಾರೆ.

ಹಾಗಂತ ಹಣ ಬರುವುದೇ ಇಲ್ಲ ಎನ್ನುವಂತಿಲ್ಲ. ಆದರೆ 15ನೇ ಹಣಕಾಸು ಆಯೋಗದ ಅನುದಾನ ಬಂದಾಗ ಅದರಲ್ಲಿ ನೂರಕ್ಕೆ ಅರವತ್ತು ಪಾಲು ಕುಡಿಯುವ ನೀರಿಗೆ, ಕಸಕ್ಕೆ, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಸಂತೆಪೇಟೆಯ ಗುಂಡಿಗೆ ಅದನ್ನು ಮುಟ್ಟುವಂತಿಲ್ಲ ಎಂದು ಮುಖ್ಯಾಧಿಕಾರಿ ಫೈಲು ಮುಚ್ಚಿದರು. ಮೆಂಬರ್ರು ಬಿಡಬೇಕಲ್ಲ! “ಗುಂಡೀಲಿ ಮೊಣಕಾಲುದ್ದ ನೀರು ನಿಂತೈತಲ್ಲ ಸಾರ್, ಮಳೆನೀರು ಕೊಯ್ಲು ಅಂತ ತೋರಿಸಿ” ಎಂದರು. ಮಳೆನೀರು ಕೊಯ್ಲು ನಿಜಕ್ಕೂ ಆ ಅನುದಾನದ ಪಟ್ಟಿಯಲ್ಲಿತ್ತು. ಮುಖ್ಯಾಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರಂತೆ. ಗುಂಡಿ ಇವತ್ತಿಗೂ ಕೊಯ್ಲು ಮಾಡುತ್ತಲೇ ಇದೆ.

ಮನೆಗಂದಾಯದ ಜೊತೆಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಬಾಲಗಳಿವೆ. ನೂರಕ್ಕೆ ಮೂರರಂತೆ ಎತ್ತುವ ಭಿಕ್ಷುಕರ ಕರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಬಾಬ್ತು. ಪುರಸಭೆ ವಸೂಲು ಮಾಡಿ ಮೇಲಕ್ಕೆ ಕಟ್ಟಬೇಕು. “ತಿಂಗಳಿಗೊಂದು ಸಲ ಡಿಸಿ ಆಫೀಸಿನ ಮುಂದೆ ಕೈ ಒಡ್ಡಿ ನಿಲ್ಲೋರು ನಾವು. ಆ ಕರ ನಮಗೇ ಯಾಕೆ ಸಲ್ಲಬಾರದು?” ಎಂದು ಮೆಂಬರ್ರು ಸಾಮಾನ್ಯ ಸಭೆಯಲ್ಲಿ ಪಾಯಿಂಟ್ ಎತ್ತಿದರು. ನಡಾವಳಿ ಪುಸ್ತಕದಲ್ಲಿ ‘ಚರ್ಚಿಸಲಾಯಿತು’ ಎಂದು ದಾಖಲಾಗಿದೆ.

ಸಭೆಯೊಳಗೆ ಮೆಂಬರ್ರು ಕಂದಾಯ ವಸೂಲಿಯ ಬಗ್ಗೆ ಬಹಳ ಖಡಕ್. “ಬಾಕಿದಾರರ ಮನೆ ಮುಂದೆ ತಮಟೆ ಹೊಡೆಸಿ” ಎಂದು ಮೇಜು ಕುಟ್ಟುತ್ತಾರೆ. ಸಂಜೆ ಅದೇ ಬಿಲ್ ಕಲೆಕ್ಟರಿಗೆ ಫೋನು ಹೋಗುತ್ತದೆ: “ನಮ್ಮ ವಾರ್ಡಿಗೆ ಕೊನೇಲಿ ಬಾರಪ್ಪ. ಜಾತ್ರೆ ಕಳೀಲಿ.” ಇಪ್ಪತ್ತಮೂರು ವಾರ್ಡಿನ ಮೆಂಬರ್ರೂ ಇದನ್ನೇ ಹೇಳುವುದರಿಂದ ಆತ ಎಲ್ಲ ವಾರ್ಡಿಗೂ ಕೊನೆಯಲ್ಲೇ ಹೋಗಬೇಕು. ನೀರಿನ ದರ ಏರಿಸುವ ವಿಷಯವಂತೂ ಪ್ರತಿ ಸಭೆಯ ಅಜೆಂಡಾದಲ್ಲಿ ಇರುತ್ತದೆ, ಪ್ರತಿ ಸಭೆಯಲ್ಲೂ ಮುಂದಕ್ಕೆ ಹೋಗುತ್ತದೆ. ಪುರಸಭೆಯ ಮಳಿಗೆಗಳ ಬಾಡಿಗೆ ಯಾವ ಕಾಲದಲ್ಲಿ ನಿಗದಿಯಾದದ್ದೆಂದು ಕೇಳಬಾರದು. ಮಳಿಗೆ ಹಿಡಿದವನ ಮೊಮ್ಮಗ ಅದನ್ನು ಮೂರನೆಯವನಿಗೆ ಕೊಟ್ಟು ನಾಲ್ಕು ಪಟ್ಟು ಎಣಿಸಿಕೊಳ್ಳುತ್ತಿದ್ದಾನೆ.

ಇಷ್ಟಾದರೂ ಪ್ರತಿ ಮಾರ್ಚಿನಲ್ಲಿ ನಮ್ಮ ಪುರಸಭೆ ಮಂಡಿಸುವುದು ಉಳಿತಾಯ ಬಜೆಟ್ಟನ್ನೇ. ಸೂತ್ರ ಸರಳ. ಹಳೇ ಬಾಕಿ ಪೈಸೆ ಬಿಡದೆ ವಸೂಲಾಗುತ್ತದೆ, ಕೇಳಿದ ಅನುದಾನ ಪೂರ್ತಿ ಬರುತ್ತದೆ, ಬೋರ್‌ವೆಲ್ ಮೋಟಾರುಗಳು ವರ್ಷವಿಡೀ ಸುಡುವುದಿಲ್ಲ ಎಂದುಕೊಂಡರೆ ಆಯಿತು. ಕೂಡಿ ಕಳೆದರೆ ಕೆಲವು ಲಕ್ಷ ಉಳಿಯಲೇಬೇಕು. ಈ ಸಲದ ಬಜೆಟ್ ಸಭೆಯಲ್ಲಿ ಮಿತವ್ಯಯಕ್ಕಾಗಿ ಸಭೆಯ ತಿಂಡಿ ನಿಲ್ಲಿಸುವ ಠರಾವು ಬಂತು. ಒಂದೂವರೆ ಗಂಟೆ ವಾಗ್ವಾದ ನಡೆದು ಒಮ್ಮತದಿಂದ ಅಂಗೀಕಾರವಾಯಿತು. ಅಷ್ಟರಲ್ಲಿ ಕೇಸರಿಬಾತು, ಬೋಂಡ ಬಂದಿದ್ದವು. ಆರ್ಡರ್ ಕೊಟ್ಟದ್ದು ಠರಾವಿಗೆ ಮುಂಚೆ, ಆದ್ದರಿಂದ ಇದು ಪೂರ್ವಾನ್ವಯವಲ್ಲ ಎಂದು ನಮ್ಮ ಮೆಂಬರ್ರು ಮೊದಲ ತಟ್ಟೆ ಎತ್ತಿಕೊಂಡರು.

ಇವರನ್ನು ಬೈಯುವುದು ಸುಲಭ. ಆದರೆ ಮೊನ್ನೆ ಬೇಸಿಗೆಯಲ್ಲಿ ಮೋಟಾರು ಸುಟ್ಟಾಗ ರೀವೈಂಡಿಂಗ್ ಅಂಗಡಿಯವನು ಮೋಟಾರನ್ನು ಗಾಡಿಯಿಂದ ಇಳಿಸಲೂ ಬಿಡಲಿಲ್ಲ. ಪುರಸಭೆಯ ಹಳೇ ಬಿಲ್ಲು ಅವನ ಗೋಡೆಯ ಮೊಳೆಯಲ್ಲಿ ಗೊಂಚಲಾಗಿ ನೇತಾಡುತ್ತಿತ್ತು. ಮೆಂಬರ್ರು ಅಲ್ಲೇ ಗ್ರೀಸು ಮೆತ್ತಿದ ಸ್ಟೂಲಿನ ಮೇಲೆ ಬಿಳಿ ಪಂಚೆಯಲ್ಲೇ ಕೂತುಬಿಟ್ಟರು. “ಪುರಸಭೆ ಹೆಸರಿಗೆ ಬರೀಬೇಡ ಮಾರಾಯ, ನನ್ನ ಹೆಸರಿಗೆ ಬರ್ಕೊ” ಎಂದರು. ಉದ್ರಿ ಪುಸ್ತಕದಲ್ಲಿ ಅವರ ಹೆಸರು ಏರಿತು. ಮರುದಿನ ಬೆಳಗಿನ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತು. ಶಾಸಕರು ಬೆಂಗಳೂರಲ್ಲಿ, ಸಂಸದರು ದೆಹಲಿಯಲ್ಲಿ. ಬಾಗಿಲು ಬಡಿದರೆ ಲುಂಗಿ ಬಿಗಿದುಕೊಂಡು ಹೊರಗೆ ಬರುವ ಸರ್ಕಾರ ಇದೊಂದೇ. ಮೂರು ಬೈಗುಳ ತಿಂದ ಮೇಲಾದರೂ ಬರುತ್ತದೆ.

ಈಗ ಮುಂದಿನ ಚುನಾವಣೆಗೆ ವಾರ್ಡು ಮಹಿಳೆಗೆ ಮೀಸಲಾಗುತ್ತದೆಂಬ ಗಾಳಿಸುದ್ದಿ ಎದ್ದಿದೆ. ಮೆಂಬರ್ರು ಊಟಕ್ಕೆ ಕೂತಾಗ ಮೆಲ್ಲಗೆ ಮಾತು ತೆಗೆದರು. ಮನೆಯವರು ಸಾರು ಬಡಿಸುತ್ತಲೇ, “ನಿಲ್ಲಿ ಅಂದ್ರೆ ನಿಲ್ತೀನಿ. ಮೊದ್ಲು ನಮ್ಮನೆ ಕಂದಾಯ ಕಟ್ಟಿ ಬನ್ನಿ. ಎರಡು ವರ್ಷದ ಬಾಕಿ ಇಟ್ಕೊಂಡು ನಾಮಪತ್ರ ಹಾಕಕ್ಕಾಗುತ್ತಾ?” ಎಂದರು.

“ಏಪ್ರಿಲ್ ಬರಲಿ ತಡಿ. ನೂರಕ್ಕೆ ಐದು ರಿಯಾಯಿತಿ ಐತೆ.”

“ಅದು ಆ ವರ್ಷದ್ದು ಕಟ್ಟೋರಿಗೆ. ಬಾಕಿಗೆ ಇರೋದು ದಂಡ. ಮೈಕಲ್ಲಿ ನೀವೇ ಕೂಗಿದ್ರಲ್ಲ?”