ತ್ರಿಚಕ್ರ ಶಿರಸ್ತ್ರಾಣ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧವು ಆಟೋರಿಕ್ಷಾ ಎಂಬ ಚಲನಶೀಲ ಪಠ್ಯವನ್ನು ಶಿರಸ್ತ್ರಾಣ ಸಂಕಥನದ ಪರಿಪ್ರೇಕ್ಷ್ಯದಲ್ಲಿರಿಸಿ, ಪ್ರಭುತ್ವ, ಮಂಡೆ ಹಾಗೂ ಟಾಪು ಇವುಗಳ ನಡುವಣ ಅಧಿಕಾರ ಸಂಬಂಧಗಳ ತಾತ್ವಿಕ ನೆಲೆಗಟ್ಟುಗಳನ್ನು ಮುಖಾಮುಖಿಯಾಗಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ಅರ್ಥವಾಗದವರು ಗಾಬರಿಪಡಬೇಕಿಲ್ಲ. ಹೋದ ತಿಂಗಳು ಒಂದು ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಇದೇ ಧಾಟಿಯ ಹನ್ನೊಂದು ಪ್ರಬಂಧ ಕೇಳಿ, ಪಲಾವು ಮೊಸರನ್ನ ತಿಂದು, ಪ್ರಮಾಣಪತ್ರ ಹಿಡಿದು ಬಂದವನು ನಾನು. ನನಗೂ ಅರ್ಥವಾಗಿಲ್ಲ. ಆದರೆ ಆ ಭಾಷೆಯ ಸುಖ ಅಂಟಿಕೊಂಡಿದೆ. ಅದರಲ್ಲಿ ಏನು ಹೇಳಿದರೂ ಯಾರಿಗೂ ನೋವಾಗುವುದಿಲ್ಲ.

ಅಂದು ಸಂಜೆ ಮನೆಗೆ ಬಂದರೆ ಭಾವ ಮೆಟ್ಟಿಲ ಮೇಲೆ ಕೂತಿದ್ದರು. ಖಾಕಿ ಅಂಗಿಯ ಗುಂಡಿ ಬಿಚ್ಚಿತ್ತು, ಕೈಯಲ್ಲೊಂದು ಕಾಗದ. "ಮೇಷ್ಟ್ರೇ, ಇದೇನು ಸ್ವಲ್ಪ ಓದಿ ಹೇಳಪ್ಪ" ಅಂದರು. ಓದಿದೆ. ಸದರಿ ವಾಹನದ ಚಾಲಕರು ಮೇಲ್ಕಂಡ ದಿನಾಂಕದಂದು ಶಿರಸ್ತ್ರಾಣ ಧರಿಸದೆ ವಾಹನ ಚಲಾಯಿಸಿರುವುದು ಕಂಡುಬಂದಿರುವುದರಿಂದ 500 ರೂಪಾಯಿ ದಂಡ ಪಾವತಿಸತಕ್ಕದ್ದು. ಅದರ ಕೆಳಗಿನ ಸಾಲಿನಲ್ಲೇ, ಸದರಿ ವಾಹನದ ವರ್ಗ: ಆಟೋರಿಕ್ಷಾ, ಪ್ರಯಾಣಿಕ. ಎರಡು ಸಾಲೂ ಒಂದರ ಪಕ್ಕ ಒಂದು ಸಂಕೋಚವಿಲ್ಲದೆ ಕೂತಿದ್ದವು. ಜೊತೆಗೊಂದು ಮಸುಕು ಚಿತ್ರ. ಸ್ಕೂಟರಿನ ಮೇಲೆ ಬರಿತಲೆಯ ಹುಡುಗ, ಕಾಲ ಹತ್ತಿರ ತರಕಾರಿ ಚೀಲ. ನಂಬರ್ ಪ್ಲೇಟಿನ ಕೊನೆಯ ಅಂಕಿಗೆ ಕೆಸರು ಮೆತ್ತಿತ್ತು. ಅದು ಮೂರು. ಯಂತ್ರ ಅದನ್ನು ಎಂಟು ಎಂದು ಓದಿದೆ. ಎಂಟು ಭಾವನದು. ಆ ಹುಡುಗನಿಗೆ ಸೊಂಪಾದ ಕ್ರಾಪು. ಭಾವನ ತಲೆಯಲ್ಲಿ ಕೂದಲು ಉಳಿದಿರುವುದು ಕಿವಿಯ ಮೇಲೆ ಮಾತ್ರ.

ಹೀಗೆ ಅಧ್ಯಯನಕ್ಕೆ ವಸ್ತು ಒದಗಿತು. ಅದನ್ನು ಸಂಜ್ಞಾ ಪ್ರಕರಣ, ಚಕ್ರ ಪ್ರಕರಣ, ಟಾಪು ಪ್ರಕರಣ, ತೂಕ ಪ್ರಕರಣ, ತಲೆ ಪ್ರಕರಣ ಎಂದು ಐದಾಗಿ ವಿಂಗಡಿಸಿದ್ದೇನೆ. ಐದೇ ಯಾಕೆಂದರೆ, ಸಂಕಿರಣದಲ್ಲಿ ನಾಲ್ಕಕ್ಕಿಂತ ಕಡಿಮೆ ವಿಂಗಡಿಸಿದವರಿಗೆ ಚಪ್ಪಾಳೆ ಬೀಳಲಿಲ್ಲ.

ಅಥ ಸಂಜ್ಞಾ ಪ್ರಕರಣ

1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್ಟಿನ ಮೂಲಶ್ರುತಿ. ಮೋಟಾರ್ ಸೈಕಲ್ ಓಡಿಸುವವರು, ಅದರ ಮೇಲೆ ಕೂರುವವರು ಎಲ್ಲರೂ ತಲೆಗೆ ರಕ್ಷಣೆ ಧರಿಸತಕ್ಕದ್ದು. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಉಂಟು. ಮೈಸೂರು ಪೇಟದವರು ರಾಜ್ಯೋತ್ಸವದ ದಿನವೂ ಆಸೆ ಇಟ್ಟುಕೊಳ್ಳುವಂತಿಲ್ಲ. ಹಾಗಾದರೆ ಮೋಟಾರ್ ಸೈಕಲ್ ಎಂದರೇನು? ಇಲ್ಲಿ ಜಿಜ್ಞಾಸುಗಳು 2ನೇ ಕಲಮಿನ 27ನೇ ಉಪಖಂಡಕ್ಕೆ ಮೊರೆಹೋಗಬೇಕು. ಅದನ್ನು ನಮ್ಮ ಹಿರಿಯರ ಪದ್ಧತಿಯಲ್ಲಿ ಹೀಗೆ ಹೇಳಬಹುದು. ಸೂತ್ರ: ಎರಡು ಚಕ್ರದ ಮೋಟಾರು ವಾಹನವೇ ಮೋಟಾರ್ ಸೈಕಲ್. ವಾರ್ತಿಕ: ಅದಕ್ಕೆ ತಗುಲಿಸಿದ, ಬಿಚ್ಚಬಹುದಾದ, ಇನ್ನೊಂದು ಚಕ್ರವುಳ್ಳ ಸೈಡ್‌ಕಾರೂ ಅದರಲ್ಲೇ ಅಡಕ.

ತರ್ಕಶಾಸ್ತ್ರಜ್ಞರು ಇಲ್ಲಿ ಕಿವಿ ನಿಮಿರಿಸುತ್ತಾರೆ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂದು ಮೂರು ದೋಷಗಳು. 'ಎರಡು ಚಕ್ರ' ಎಂದು ಶುರುಮಾಡಿ ಮುಗಿಯುವಷ್ಟರಲ್ಲಿ ಮೂರು ಚಕ್ರಕ್ಕೆ ಬಂದ ಈ ಲಕ್ಷಣಕ್ಕೆ ಯಾವ ದೋಷ? ಉದಾಹರಣೆಗೆ ದೂರ ಹೋಗಬೇಕಿಲ್ಲ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿ 1975ರಲ್ಲಿ ತೆರೆಗೆ ಬಂದ 'ಶೋಲೆ'ಯಲ್ಲಿ ಜೈ ಮತ್ತು ವೀರು ಸೈಡ್‌ಕಾರ್ ಬೈಕಿನಲ್ಲಿ ಹಾಡಿಕೊಂಡು ಹೋಗುತ್ತಾರೆ. ಹಾಡಿನ ಮಧ್ಯೆ ಸೈಡ್‌ಕಾರ್ ಬಿಚ್ಚಿಕೊಂಡು ತನ್ನ ದಾರಿ ತಾನು ಹಿಡಿದು, ಸುತ್ತಿ ಬಂದು ಮತ್ತೆ ಕೂಡಿಕೊಳ್ಳುತ್ತದೆ. 'ಬಿಚ್ಚಬಹುದಾದ' ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯವನ್ನು ಯಾವ ನ್ಯಾಯಾಲಯವೂ ಬರೆದಿಲ್ಲ. ಬಿಚ್ಚಿಕೊಂಡ ಆ ಕ್ಷಣದಲ್ಲಿ, ಒಂಟಿ ಚಕ್ರದ ಪೆಟ್ಟಿಗೆಯಲ್ಲಿ ಕೂತವನಿಗೆ ಹೆಲ್ಮೆಟ್ ಬೇಕೆ ಬೇಡವೆ? ಪೂರ್ವಪಕ್ಷ: ಬೇಡ, ಅದು ಆಗ ಮೋಟಾರೂ ಅಲ್ಲ, ಸೈಕಲ್ಲೂ ಅಲ್ಲ. ಸಿದ್ಧಾಂತ: ಬೇಕು, ಮೇಲಿನ ಕಲಮುಗಳಿಗಾಗಿ ಅಲ್ಲ, ತಲೆ ಒಡೆಯುತ್ತದೆ ಎಂಬುದಕ್ಕಾಗಿ.

ಫಲಿತಾರ್ಥ ಇಷ್ಟು. ಚಕ್ರ ಮೂರಿದ್ದು ಪೆಟ್ಟಿಗೆ ಪಕ್ಕದಲ್ಲಿದ್ದರೆ ಹೆಲ್ಮೆಟ್ ಬೇಕು. ಬೆನ್ನಿಗಿದ್ದರೆ ಬೇಡ. ಭಾವನ ಪೆಟ್ಟಿಗೆ ಬೆನ್ನಿಗಿದೆ.

ಚಕ್ರ ಪ್ರಕರಣ

ಆಟೋ ಸ್ಕೂಟರಿನ ಮಗಳು ಎಂಬುದು ವಂಶಾವಳಿ ಬಲ್ಲವರಿಗೆ ಗೊತ್ತು. ಇಟಲಿಯ ಪಿಯಾಜಿಯೋ ಕಂಪನಿ 1946ರಲ್ಲಿ ವೆಸ್ಪಾ ಸ್ಕೂಟರ್ ಹೊರತಂದಿತು. ಎರಡು ವರ್ಷ ಬಿಟ್ಟು ಅದರ ಬೆನ್ನಿಗೆ ಗಾಡಿ ಕಟ್ಟಿ 'ಆಪೆ' ಎಂದಿತು. ವೆಸ್ಪಾ ಎಂದರೆ ಕಣಜ, ಆಪೆ ಎಂದರೆ ಜೇನುಹುಳ. ಸಂತೆಯ ದಿನ ಒಳಗೊಂದಿಷ್ಟು, ಹಿಂದೆ ಜೋತುಬಿದ್ದು ಒಂದಿಷ್ಟು ಜನರನ್ನು ತುಂಬಿಕೊಂಡು ಗುಂಯ್ಗುಡುತ್ತ ಹೋಗುವ ನಮ್ಮ ಆಪೆಗಳನ್ನು ನೋಡಿದವರು ಆ ಹೆಸರಿಟ್ಟ ಪುಣ್ಯಾತ್ಮನಿಗೆ ಕೈ ಮುಗಿಯಬೇಕು. ತಾಯಿಯ ಗುರುತಾಗಿ ಆಟೋದಲ್ಲಿ ಹ್ಯಾಂಡಲ್ ಉಳಿದಿದೆ. ಗೊಂದಲವೆಲ್ಲ ಇದರಿಂದ.

ತುಲನಾತ್ಮಕ ಅಧ್ಯಯನವಿಲ್ಲದೆ ಪ್ರಬಂಧಕ್ಕೆ ಮರ್ಯಾದೆ ಬರುವುದಿಲ್ಲವಾದ್ದರಿಂದ ಒಂದು ಸುತ್ತು ವಿದೇಶಕ್ಕೆ. ಬ್ರಿಟನ್ನಿನಲ್ಲಿ ರಿಲಯಂಟ್ ಎಂಬ ಮೂರು ಚಕ್ರದ ಮುಚ್ಚಿದ ಕಾರುಗಳಿದ್ದವು. ಮಿಸ್ಟರ್ ಬೀನ್ ಪ್ರತಿ ಸಲ ರಸ್ತೆಯಿಂದ ಆಚೆಗೆ ತಳ್ಳುತ್ತಾನಲ್ಲ, ಆ ನೀಲಿ ಬಡಪಾಯಿ ಅದೇ. ತೂಕ ಎಂಟು ಹಂಡ್ರೆಡ್‌ವೆಯ್ಟ್, ಅಂದರೆ ಸುಮಾರು 406 ಕಿಲೋ ಮೀರದಿದ್ದರೆ ಅದನ್ನು ಮೋಟಾರ್ ಸೈಕಲ್ ಲೈಸೆನ್ಸಿನಲ್ಲೇ ಓಡಿಸಬಹುದಿತ್ತು. ಬ್ರೈಟನ್ನಿನಲ್ಲಿ ತಯಾರಾಗುತ್ತಿದ್ದ ಮೂರು ಚಕ್ರದ ಇಸೆಟ್ಟಾಗೆ ಇನ್ನೂ ಸೂಕ್ಷ್ಮವಾದ ಕಟ್ಟಳೆ. ಹಿಂದಕ್ಕೆ ಹೋಗುವ ಗೇರ್ ಇದ್ದರೆ ಅದು ಕಾರು, ಇಲ್ಲದಿದ್ದರೆ ಬೈಕಿನ ಲೈಸೆನ್ಸ್ ಸಾಕಾಗುತ್ತಿತ್ತು. ಇಸೆಟ್ಟಾಗೆ ಇರುವುದು ಒಂದೇ ಬಾಗಿಲು, ಅದೂ ಮೂತಿಯಲ್ಲಿ. ಗೋಡೆಗೆ ಮೂತಿ ತಾಗಿಸಿ ನಿಲ್ಲಿಸಿದವನು ಬಾಗಿಲು ತೆರೆಯುವಂತಿಲ್ಲ, ಹಿಂದಕ್ಕೆ ಬರುವಂತಿಲ್ಲ. ಕಾನೂನಿನ ಒಳಗೆ ಪೂರ್ತಿ ಸಿಕ್ಕಿಕೊಂಡ ಪ್ರಜೆಯ ಚಿತ್ರ ಬೇಕಾದವರು ಅವನನ್ನು ನೆನೆಯಬಹುದು.

ಅಮೆರಿಕದ್ದು ಇನ್ನೂ ಮೇಲು. ಅಲ್ಲಿ ಮೂರು ಚಕ್ರದ್ದೆಲ್ಲ ಮೂಲತಃ ಮೋಟಾರ್ ಸೈಕಲ್. ಎಲಿಯೋ ಮೋಟರ್ಸ್ ಎಂಬ ಕಂಪನಿ ಬಾಗಿಲು, ಸ್ಟೀರಿಂಗ್, ಬೆಲ್ಟು ಎಲ್ಲ ಇರುವ ಮೂರು ಚಕ್ರದ ಅಗ್ಗದ ಕಾರು ಮಾಡುತ್ತೇವೆಂದು ಹೊರಟಿತು. ಕಾರಿನೊಳಗೆ ಕೂತವರಿಗೆ ಹೆಲ್ಮೆಟ್ ಯಾಕೆ ಎಂದು ರಾಜ್ಯ ರಾಜ್ಯ ಅಲೆದು ವಾದಿಸಿತು. ಎಷ್ಟೋ ರಾಜ್ಯಗಳು ಒಪ್ಪಿ 'ಆಟೋಸೈಕಲ್' ಎಂಬ ಹೊಸ ಜಾತಿಯನ್ನೇ ಸೃಷ್ಟಿಸಿ, ಹೆಲ್ಮೆಟ್ಟಿನಿಂದ ಬಿಡುಗಡೆ ಕೊಟ್ಟವು. ಕಾನೂನು ಬಂತು. ಕಾರು ಮಾತ್ರ ಬರಲೇ ಇಲ್ಲ, ಸಾವಿರಾರು ಜನ ಮುಂಗಡ ಕಟ್ಟಿದ್ದರೂ. ಇಲ್ಲದ ವಾಹನಕ್ಕೆ ವಿನಾಯಿತಿ ಅಲ್ಲಿ, ಇರುವ ಟಾಪಿಗೆ ದಂಡ ಇಲ್ಲಿ.

ಟಾಪು ಪ್ರಕರಣ

ಇದು ಕ್ಷೇತ್ರಕಾರ್ಯ ಆಧಾರಿತ. ಅಕ್ಕನ ಮಗನ ಹೆಲ್ಮೆಟ್ ತಂದು, ನಿಂತ ಆಟೋದಲ್ಲಿ ಭಾವನ ತಲೆಗೆ ತೊಡಿಸಲಾಯಿತು. ವೀಕ್ಷಣೆ ಒಂದು: ಭಾವ ಎತ್ತರದ ಆಳು, ಹೆಲ್ಮೆಟ್ ಟಾಪಿನ ಕಂಬಿಗೆ ಟಣ್ ಎಂದು ಬಡಿಯಿತು. ವೀಕ್ಷಣೆ ಎರಡು: ಹಿಂದೆ ಕೂತು ನಾನು "ಎಡಕ್ಕೆ, ಎಡಕ್ಕೆ" ಎಂದು ಕೂಗಿದರೂ ಭಾವನಿಗೆ ಕೇಳಿಸಲಿಲ್ಲ. ವೀಕ್ಷಣೆ ಮೂರು: ಬಾಗಿಲಲ್ಲಿ ನಿಂತ ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಭಾವ ನಗಲಿಲ್ಲ. ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡು, "ನಾಳೆ ಎಷ್ಟೊತ್ತಿಗೆ ಹೋದ್ರೆ ಸಿಗ್ತಾರೆ ಅಲ್ಲಿ?" ಎಂದು ಕೇಳಿದರು.

ಟಾಪಿನ ರೆಕ್ಸಿನ್, ಅದರ ಹೊಲಿಗೆ, ಹಿಂಬದಿಯ ಶಂಕರ್ ನಾಗ್ ಚಿತ್ರ ಇವುಗಳ ಸೌಂದರ್ಯ ಮೀಮಾಂಸೆಯನ್ನೂ, ಇ-ರಿಕ್ಷಾಗಳು ಮೊದಲು ಬೀದಿಗೆ ಬಂದು, ದೆಹಲಿ ಹೈಕೋರ್ಟಿನಲ್ಲಿ ನಿಂತು, 2015ರಲ್ಲಿ ಕಾಯ್ದೆಯೊಳಗೆ 2ಎ ಎಂಬ ಕೋಣೆ ಕಟ್ಟಿಸಿಕೊಂಡ ಕಥೆಯನ್ನೂ ಇಲ್ಲಿ ನಾಲ್ಕು ಉಪವರ್ಗಗಳಲ್ಲಿ ಚರ್ಚಿಸುವುದಾಗಿ ಟಿಪ್ಪಣಿ ಮಾಡಿಕೊಂಡಿದ್ದೆ. ಈಗ ಮನಸ್ಸಾಗುತ್ತಿಲ್ಲ.

ತೂಕದ ಮಾತು

ಪ್ರಕರಣ ಗಿಕರಣ ಬಿಡಿ. ಕಾಯ್ದೆಯ ಪ್ರಕಾರ 7,500 ಕಿಲೋವರೆಗಿನದು ಹಗುರ ವಾಹನ. ಹಗುರ ವಾಹನದ ಲೈಸೆನ್ಸ್ ಇದ್ದವನು ಅಷ್ಟೇ ತೂಕದೊಳಗಿನ ಬಾಡಿಗೆ ಗಾಡಿ ಓಡಿಸಲು ಲೈಸೆನ್ಸಿನ ಮೇಲೆ ಇನ್ನೊಂದು ಒಕ್ಕಣೆ ಬೇಕೆ? ಅರ್ಧ ಟನ್ನೂ ತೂಗದ ಆಟೋಗೆ ಈ ಪ್ರಶ್ನೆ ದಶಕಗಟ್ಟಲೆ ತೂಗುಹಾಕಿಕೊಂಡಿತ್ತು. 2017ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಬೇಡ ಎಂದರು. ಅದು ಸಾಲದೆಂದು ಐವರ ಪೀಠಕ್ಕೆ ಹೋಯಿತು. 2024ರ ನವೆಂಬರಿನಲ್ಲಿ ಐವರೂ ಬೇಡ ಎಂದರು. ಇಂಥ ಚಾಲಕರಿಂದಲೇ ಹೆಚ್ಚು ಅಪಘಾತವಾಗುತ್ತದೆ ಎಂಬುದಕ್ಕೆ ಅಂಕಿ-ಅಂಶವನ್ನು ಯಾರೂ ಮುಂದಿಟ್ಟಿಲ್ಲ ಎಂದೂ ಪೀಠ ಗಮನಿಸಿತು.

ಅಲ್ಲಿ ವಾದಿಸುತ್ತಿದ್ದವರು ಚಾಲಕರಲ್ಲ ಎಂಬುದನ್ನು ನೆನಪಿಡಿ. ವಿಮಾ ಕಂಪನಿಗಳು. ಗಾಡಿ ಗುದ್ದಿ ಒಬ್ಬ ಸತ್ತಿದ್ದಾನೆ, ಕಂತು ಕಟ್ಟಿದೆ, ಪಾಲಿಸಿ ಇದೆ. ಆದರೆ ಚಾಲಕನ ಲೈಸೆನ್ಸಿನಲ್ಲಿ ಒಂದು ಪದ ಇಲ್ಲ, ಆದ್ದರಿಂದ ನಾವು ಹಣ ಕೊಡುವುದಿಲ್ಲ. ಸತ್ತವನ ಹೆಂಡತಿ ಕಚೇರಿಯ ಬೆಂಚಿನ ಮೇಲೆ ಕೂತಿರುತ್ತಾಳೆ, ಒಳಗೆ 'ವರ್ಗ' ಎಂದರೇನು ಎಂಬ ಚರ್ಚೆ ನಡೆದಿರುತ್ತದೆ. ಸಂಕಥನ ಎಂಬ ಪದವನ್ನು ಕೇಳಿದಾಗ ನನಗೆ ಮೈ ಉರಿಯುವುದು ಇದಕ್ಕೆ. ಚರ್ಚೆ ಎಷ್ಟು ಗಹನವಾಗಿರುತ್ತದೋ, ಬೆಂಚಿನ ಮೇಲಿನ ಕಾಯುವಿಕೆ ಅಷ್ಟು ಉದ್ದವಾಗುತ್ತದೆ.

ಭಾವನದೇ ಇನ್ನೊಂದು. ಬಾಡಿಗೆ ವಾಹನ ಓಡಿಸುವವನು ಎಂಟನೇ ತರಗತಿ ಪಾಸಾಗಿರಬೇಕೆಂದು ಕೇಂದ್ರದ ನಿಯಮ ಹೇಳುತ್ತಿತ್ತು. ದೆಹಲಿಯಲ್ಲಿ ಕೂತವರಿಗೆ ಏಳಕ್ಕೂ ಎಂಟಕ್ಕೂ ಒಂದು ಅಂಕಿಯ ವ್ಯತ್ಯಾಸ. ನಮ್ಮಲ್ಲಿ ಊರ ಶಾಲೆ ಮುಗಿಯುತ್ತಿದ್ದುದೇ ಏಳಕ್ಕೆ. ಎಂಟು ಎಂದರೆ ಹೈಸ್ಕೂಲು, ಬೇರೆ ಊರು, ನಡೆದರೆ ಆರು ಕಿಲೋಮೀಟರು, ಮನೆಯಲ್ಲಿ ಎರಡು ಹಸು. ಭಾವನ ಓದು ಏಳಕ್ಕೆ ನಿಂತಿತು. ಬೆಂಗಳೂರಿಗೆ ಬಂದು ಬಾಡಿಗೆ ಆಟೋ ಹಿಡಿದವರಿಗೆ ವರ್ಷಗಟ್ಟಲೆ ಬ್ಯಾಡ್ಜ್ ಇರಲಿಲ್ಲ. ಸರ್ಕಲ್ಲಿನಲ್ಲಿ ಬಿಳಿ ಅಂಗಿ ಕಂಡರೆ ಗಲ್ಲಿಗೆ ತಿರುಗಿಸುತ್ತಿದ್ದರು. ಈ ನಗರದ ಗಲ್ಲಿಗಳೆಲ್ಲ ಅವರಿಗೆ ಗೊತ್ತಿರುವುದು ಹಾಗೆ. ಹಿಂದೆ ಕೂತವರು "ನಿಮಗೆ ಎಷ್ಟು ಶಾರ್ಟ್‌ಕಟ್ ಗೊತ್ರೀ" ಎಂದು ಮೆಚ್ಚುತ್ತಿದ್ದರಂತೆ. 2019ರಲ್ಲಿ ಆ ನಿಯಮವನ್ನೇ ತೆಗೆದುಹಾಕಿದರು. ಅಷ್ಟು ವರ್ಷ ಅದರಿಂದ ಯಾರ ಜೀವ ಉಳಿಯಿತು ಎಂದು ಯಾರೂ ಲೆಕ್ಕ ಹೇಳಲಿಲ್ಲ. ಮೊದಲ ಸಲ ಬ್ಯಾಡ್ಜ್ ಚುಚ್ಚಿಕೊಂಡ ದಿನ ಭಾವ ಸರ್ಕಲ್ಲನ್ನು ಸುಮ್ಮನೆ ಎರಡು ಸುತ್ತು ಹಾಕಿದರೆಂದು ಅಕ್ಕ ಹೇಳುತ್ತಾಳೆ.

ತಲೆ

ಮರುದಿನ ದಂಡದ ಕಾಗದ ಹಿಡಿದು ಇಬ್ಬರೂ ಕಚೇರಿಗೆ ಹೋದೆವು. ಮೂರು ಗಂಟೆ ಕೂತೆವು. ಕೂತಲ್ಲಿ ಮಾಡಲು ಕೆಲಸವಿಲ್ಲದೆ ಲೆಕ್ಕ ಹಾಕಿದೆ. 2025ರ ಆಗಸ್ಟಿನಿಂದ ಬೆಂಗಳೂರಿನ ಆಟೋ ದರ ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ಕಾಯುವುದಕ್ಕೆ ಮೊದಲ ಐದು ನಿಮಿಷ ಬಿಟ್ಟಿ, ಆಮೇಲೆ ಹದಿನೈದು ನಿಮಿಷಕ್ಕೆ 10 ರೂಪಾಯಿ. ಆ ಪ್ರಕಾರ ನಮಗೆ ಬರಬೇಕಾದದ್ದು 120. ಭಾವನಿಗೆ ಹೇಳಿದೆ. "ರಿಟರ್ನ್ ಬಾಡಿಗೆನೂ ಸೇರ್ಸು" ಅಂದರು.

ಕೊನೆಗೆ ಒಂದು ಫಾರಂ ಕೊಟ್ಟರು. ಅದರಲ್ಲೊಂದು ಕಾಲಂ: ಉಲ್ಲಂಘನೆಗೆ ಕಾರಣ. ನಾನು ಪೆನ್ನು ತೆಗೆದು 129ನೇ ಕಲಮನ್ನು 2(27)ರೊಂದಿಗೆ ಓದಲಾಗಿ ಎಂದು ಶುರುಮಾಡುವಷ್ಟರಲ್ಲಿ ಭಾವ ಕಾಗದ ಎಳೆದುಕೊಂಡು ತಮ್ಮ ದುಂಡು ಅಕ್ಷರದಲ್ಲಿ ಬರೆದರು: 'ಮೇಲೆ ಟಾಪು ಇದೆ.'

ಕೌಂಟರಿನ ಹುಡುಗಿ ಓದಿ ತುಟಿ ಕಚ್ಚಿಕೊಂಡಳು. ಪಾಪ, ಅವಳ ತಪ್ಪೇನಿಲ್ಲ. "ಅಣ್ಣಾ, ನನಗೆ ಗೊತ್ತಾಗುತ್ತೆ, ಸಿಸ್ಟಮ್‌ಗೆ ಗೊತ್ತಾಗಲ್ಲ. ಆರ್.ಸಿ. ಜೆರಾಕ್ಸ್ ಒಂದು, ಗಾಡಿ ಫೋಟೊ ಒಂದು ತನ್ನಿ. ನಂಬರ್ ಪ್ಲೇಟೂ ಕಾಣಬೇಕು, ಮೂರು ಚಕ್ರನೂ ಕಾಣಬೇಕು" ಅಂದಳು.

ಹೊರಗೆ ಬೇವಿನ ಮರದಡಿ ಆಟೋ ನಿಂತಿತ್ತು. ಪಕ್ಕದಿಂದ ತೆಗೆದೆ. ಎರಡೇ ಚಕ್ರ ಬಂದವು. ಹಿಂದಿನಿಂದ ತೆಗೆದೆ. ಮತ್ತೆ ಎರಡು. ಮುಂದಿನಿಂದ ನಿಂತು ತೆಗೆದರೆ ಮುಂಚಕ್ರವೊಂದೇ ದೊಡ್ಡದಾಗಿ ಬಂದು, ಹಿಂದಿನವು ನೆರಳಲ್ಲಿ ಮುಳುಗಿದವು. ಕೊನೆಗೆ ಕರ್ಚೀಫ್ ಹಾಸಿ ರಸ್ತೆಯ ಮೇಲೆ ಬೋರಲು ಮಲಗಿ ಮೊಬೈಲನ್ನು ನೆಲಕ್ಕೆ ತಾಗಿಸಿ ಹಿಡಿದೆ.

"ಮೂರೂ ಬಂತೇನಪ್ಪ ಮೇಷ್ಟ್ರೇ?" ಭಾವ ಸೀಟಿನಿಂದಲೇ ಬಗ್ಗಿ ಕೇಳಿದರು.

ಬಂದಿದ್ದವು. ಅಷ್ಟರಲ್ಲಿ ಒಂದು ನಾಯಿ ಬಂದು ಮುಂಚಕ್ರಕ್ಕೆ ಕಾಲೆತ್ತಿ ನಿಂತಿತು.

"ತಡಿ ಭಾವ," ಅಂದೆ, "ಇನ್ನೊಂದು ತೆಗೀತೀನಿ."