ಪಿಡಿಒ ಆಗಮನ ಮೀಮಾಂಸೆ

ಅಭಾವ ನಾಲ್ಕು ಬಗೆ ಎಂದು ನೈಯಾಯಿಕರು ಹೇಳಿಹೋದರು. ಅವರ ಕಾಲದಲ್ಲಿ ಗ್ರಾಮ ಪಂಚಾಯಿತಿ ಕಚೇರಿ ಇರಲಿಲ್ಲವಾದ್ದರಿಂದ ಉದಾಹರಣೆಗೆ ಮಡಕೆಯನ್ನೇ ನೆಚ್ಚಬೇಕಾಯಿತು. ಆ ಕೊರತೆ ತುಂಬುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಅಧಿಸೂಚನೆಗೂ ನೇಮಕಾತಿ ಆದೇಶಕ್ಕೂ ನಡುವೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಇಲ್ಲದಿರುವುದು ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು ಎಂದು ಶಾಸ್ತ್ರ. ಅಂತ್ಯ ಯಾವಾಗ ಎಂಬುದನ್ನು ಶಾಸ್ತ್ರಕಾರರೂ ಹೇಳಿಲ್ಲ, ಕೀ ಉತ್ತರಕ್ಕೆ ಆಕ್ಷೇಪಣೆ ಹಾಕಿ ಕೂತವರೂ ಹೇಳಿಲ್ಲ. ಬಂದವರು ನಿಯೋಜನೆಯ ಮೇಲೆ ಬೇರೆ ಕಡೆ ಹೊರಟುಹೋದರೆ ಪ್ರಧ್ವಂಸಾಭಾವ: ಆದಿಯುಂಟು, ಅಂತ್ಯವಿಲ್ಲ. ಪ್ರಭಾರಿ ಕಾಯಂ ಅಲ್ಲ, ಕಾಯಂ ಪ್ರಭಾರಿಯಲ್ಲ ಎಂಬುದು ಅನ್ಯೋನ್ಯಾಭಾವ. ಬೀರುವಿನ ಕೀಲಿಕೈ ಮೂರು ಕಾಲದಲ್ಲೂ ಯಾರ ಬಳಿಯೂ ಇರದಿರುವುದು ಅತ್ಯಂತಾಭಾವ.

ಇನ್ನು ಹೊಸಬರ ಅಸ್ತಿತ್ವಸಿದ್ಧಿ. ಮನುಷ್ಯರು ಎದುರಿಗೆ ನಿಂತಿದ್ದಾರೆ ಎಂಬ ಪ್ರತ್ಯಕ್ಷ ಪ್ರಮಾಣವನ್ನು ಕಚೇರಿ ಒಪ್ಪುವುದಿಲ್ಲ. ಅದಕ್ಕೆ ಶಬ್ದಪ್ರಮಾಣವೇ ಬೇಕು, ಅದೂ ಮುದ್ರೆಯೊತ್ತಿದ್ದು: ಆಸ್ಪತ್ರೆಯ ದೇಹದಾರ್ಢ್ಯ ಪತ್ರ, ಪೊಲೀಸ್ ವರದಿ, ಮೀಸಲಾತಿಯಿದ್ದರೆ ಸಿಂಧುತ್ವ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಸಲಿಯೆಂದು ಮಂಡಳಿಯ ಉತ್ತರ. ಆಮೇಲೆ ಸೇವಾ ಪುಸ್ತಕ. ಎತ್ತರ ಬರೆದಾಯಿತು, ಬೆರಳಚ್ಚು ಒತ್ತಿದ್ದಾಯಿತು, ಗುರುತಿನ ಚಿಹ್ನೆಯೆಂದು ಕತ್ತಿನ ಮೇಲಿನ ಮಚ್ಚೆಯೂ ದಾಖಲಾಯಿತು. ವಿಷಯ ನಿರ್ವಾಹಕರು ಪೆನ್ನು ಎತ್ತಲಿಲ್ಲ. "ಇನ್ನೊಂದು ಹೇಳಿ ಮೇಡಂ, ಎರಡು ಬೇಕು." ಮೇಡಂ ಕೆಂಪಾದರು. ಕೊನೆಗೆ ಮೊಣಕೈಯ ಹಳೇ ಗಾಯದ ಕಲೆ ಮಾನ ಕಾಯಿತು. ಬಸ್ಸು ಕೆಟ್ಟು ಒಂದೂವರೆಗೆ ಬಂದಿಳಿದರೂ ಅವರು ಕರ್ತವ್ಯಕ್ಕೆ ಹಾಜರಾದದ್ದು ಪೂರ್ವಾಹ್ನವೇ. ಕಾಲ ಸಾಪೇಕ್ಷ ಎಂಬುದನ್ನು ನಮ್ಮ ಹಾಜರಾತಿ ಪುಸ್ತಕ ಎಂದೋ ಕಂಡುಕೊಂಡಿದೆ.

ಜ್ಞಾನಮೀಮಾಂಸೆ ಇದಕ್ಕಿಂತ ಜಟಿಲ. ಪರೀಕ್ಷೆಗೆಂದು ಅವರು ಸಂವಿಧಾನದ 73ನೇ ತಿದ್ದುಪಡಿ, 11ನೇ ಅನುಸೂಚಿಯ 29 ವಿಷಯಗಳು, ರಾಜ್ಯದ 1993ರ ಅಧಿನಿಯಮ, ಎಲ್ಲವನ್ನೂ ಬಾಯಿಪಾಠ ಮಾಡಿದ್ದಾರೆ. ಆದರೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಿಂದ ತರಬೇತಿಗೆ ಕರೆ ಬರುವ ಮೊದಲೇ ಊರಿನ ಬೋರ್‌ವೆಲ್ ಮೋಟಾರು ಸುಟ್ಟಿತು. ಕುಡಿಯುವ ನೀರು ಆ 29ರಲ್ಲಿ ಒಂದೆಂದು ಮೇಡಂಗೆ ಗೊತ್ತು. ಮೋಟಾರು ಯಾರ ಹತ್ತಿರ ಕಟ್ಟಿಸಬೇಕು, ಅವನ ಹಳೇ ಬಾಕಿ ಎಷ್ಟಿದೆ ಎಂಬುದು ಅನುಸೂಚಿಯಲ್ಲಿಲ್ಲ. ಅದನ್ನು ಬಲ್ಲ ಗುರು ಬಿಲ್ ಕಲೆಕ್ಟರ್. ಕಂದಾಯ ಕೇಳಿದರೆ ಯಾವ ಮನೆಯವರು ನಾಯಿ ಬಿಡುತ್ತಾರೆ, ಯಾವ ಸದಸ್ಯರ ಮುಂದೆ ಯಾರ ಹೆಸರೆತ್ತಬಾರದು ಎಂಬ ರಹಸ್ಯವಿದ್ಯೆಗಳೆಲ್ಲ ಅವರಲ್ಲಿ ಮುಖಸ್ಥ. "ಇವತ್ತು ಸೈನ್ ಹಾಕ್ಬೇಡಿ ಮೇಡಂ, ನಾಳೆ ನೋಡಣ" ಎಂಬ ಅವರ ಒಂದೇ ಸೂತ್ರದಲ್ಲಿ ಎರಡು ವರ್ಷದ ಪ್ರೊಬೇಷನ್ ದಾಟುವ ಉಪಾಯ ಅಡಗಿದೆ. ಈ ಗುರುಗಳ ನೌಕರಿ ಕಾಯಂ ಆಗಿದೆಯೇ ಎಂಬುದು ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ತಂದರೆ ನಗು ಉಳಿಯುವುದಿಲ್ಲ.

ಅಸ್ತಿತ್ವವೂ ಜ್ಞಾನವೂ ಸಿದ್ಧಿಸಿದ ಮೇಲೆ ಉಳಿಯುವುದು ಡಾಂಗಲ್. ಡಿಜಿಟಲ್ ಸಹಿಯ ಆ ಪುಟ್ಟ ಕಡ್ಡಿ ಹೊಸಬರ ಹೆಸರಿಗೆ ಆಗುವ ತನಕ ಆಸ್ತಿ ಖಾತೆಗೆ ಬೇಕಾದ ಇ-ಸ್ವತ್ತಿನ ನಮೂನೆ 9 ಹೊರಡುವುದಿಲ್ಲ. ಆದ್ದರಿಂದ ಅರ್ಜಿ ಹಾಕಿಕೊಂಡಿರುವ ಓದುಗರಲ್ಲಿ ಒಂದು ವಿನಂತಿ: ಹೊಸ ಪಿಡಿಒಗೆ ಹಾರ ಹಾಕುವುದಿದ್ದರೆ ಈ ವಾರವೇ ಬನ್ನಿ. ಖಾತೆ ಕೆಲಸಕ್ಕಾದರೆ ಫೋನ್ ಮಾಡಿ ಬನ್ನಿ.