ಫಾರ್ಮ್ ಅಂಕಲ್

ಕೆನಡಾದಲ್ಲಿ ನಾಲ್ಕು ಕನ್ನಡದ ಮನೆಗಳಿರುವ ಊರಿನಲ್ಲೆಲ್ಲ ಒಬ್ಬ ಫಾರ್ಮ್ ಅಂಕಲ್ ಇದ್ದೇ ಇರುತ್ತಾರೆ. ನಮ್ಮ ಬ್ರಾಂಪ್ಟನ್ನಿನವರು ಹಾಸನದ ಕಡೆಯವರು. ಹಗಲು ಗೋದಾಮಿನ ಲೆಕ್ಕ, ಸಂಜೆ ಕಂಡವರ ಅರ್ಜಿ. ಹಿಂದೆ ಯಾವಾಗಲೋ ಆಂಟಿಯನ್ನು ಕರೆಸಿಕೊಳ್ಳಲು ಒಂದು ಸ್ಪಾನ್ಸರ್ ಅರ್ಜಿ ತುಂಬಿದರಂತೆ. ಆಂಟಿ ಬಂದರು, ಮಕ್ಕಳಾಗಿ ಕಾಲೇಜು ಸೇರಿದರು, ಅಂಕಲ್‌ಗೆ ಹತ್ತಿದ ರುಚಿ ಮಾತ್ರ ಬಿಟ್ಟಿಲ್ಲ. ಫಾರ್ಮುಗಳನ್ನು ನಂಬರಿನಿಂದಲೇ ಕರೆಯುತ್ತಾರೆ, ಬೀಗರ ಗುಣಸ್ವಭಾವ ಹೇಳುವ ಧಾಟಿಯಲ್ಲಿ: "1344 ಸಾಧು. 5532 ಸ್ವಲ್ಪ ಮನೆ ವಿಷಯ ಕೆದಕುತ್ತೆ. 5669 ಮಾತ್ರ ಘಾಟಿ, ಹುಷಾರು."

ದುಡ್ಡು ಮುಟ್ಟುವುದಿಲ್ಲ. ವಕೀಲರು, ಲೈಸೆನ್ಸ್ ಇರುವ ಕನ್ಸಲ್ಟೆಂಟರು ಇಂಥವರನ್ನು ಬಿಟ್ಟು ಬೇರೆ ಯಾರೇ ಪ್ರತಿಫಲ ಪಡೆದು ವಲಸೆ ಸಲಹೆ ಕೊಟ್ಟರೂ ಇಲ್ಲಿ ಅಪರಾಧ. ಶೇಂಗಾ ಚಟ್ನಿಪುಡಿ ಪ್ರತಿಫಲದಲ್ಲಿ ಸೇರುತ್ತದೋ ಪ್ರೀತಿಯಲ್ಲಿ ಸೇರುತ್ತದೋ ಎಂಬ ಬಗ್ಗೆ ಅಂಕಲ್‌ಗೆ ಖಾತ್ರಿಯಿಲ್ಲ. ಹಾಗಾಗಿ ಬಂದವರ ಕೈಯಿಂದ ಡಬ್ಬಿಯನ್ನು ಆಂಟಿಯೇ ಈಸಿಕೊಳ್ಳಬೇಕು. ಆ ಹೊತ್ತಿಗೆ ಅಂಕಲ್ ಕಿಟಕಿಯಾಚೆ ಹಿಮ ನೋಡುತ್ತಿರುತ್ತಾರೆ.

ಕಳೆದ ಚಳಿಗಾಲ ಒಂದು ಜೋಡಿ ಬಂತು. ಹುಬ್ಬಳ್ಳಿಯ ಹುಡುಗಿ, ಅವಳಿಗೆ ಪಿಆರ್, ಅಂದರೆ ಕಾಯಂ ವಾಸದ ಹಕ್ಕು ಇದೆ. ತ್ರಿಶೂರಿನ ಹುಡುಗ, ಅವನ ವರ್ಕ್ ಪರ್ಮಿಟ್ ಮುಗಿಯುತ್ತ ಬಂದಿದೆ. ಅವಳೇ ಅವನನ್ನು ಸ್ಪಾನ್ಸರ್ ಮಾಡಬೇಕು. ಒಂದೇ ಬೇಸ್ಮೆಂಟಿನಲ್ಲಿ ಎರಡು ವರ್ಷದಿಂದ ಸಂಸಾರ, ಮದುವೆ ಆಗಿಲ್ಲ. ಕೆನಡಾಕ್ಕೆ ತಾಳಿ ಬೇಡ. ಕನಿಷ್ಠ ಒಂದು ವರ್ಷ ಎಡೆಬಿಡದೆ ದಂಪತಿಗಳಂತೆ ಒಟ್ಟಿಗೆ ಬಾಳಿದ್ದರೆ ಸಾಕು, ಕಾಮನ್ ಲಾ ಪಾರ್ಟ್‌ನರ್ ಎಂದು ಒಪ್ಪಿಕೊಳ್ಳುತ್ತದೆ. ಊರಿನ ಸೋದರಮಾವನಾಗಿದ್ದರೆ ಇಷ್ಟು ಕೇಳಿಯೇ ಎದ್ದು ಹೋಗುತ್ತಿದ್ದ. ಫಾರ್ಮ್ ಅಂಕಲ್ ಕದಲಲಿಲ್ಲ. "ಮದುವೆ ಆಗಿಲ್ವಾ? ಪರವಾಗಿಲ್ಲ. ಜಾಯಿಂಟ್ ಅಕೌಂಟ್?"

"ಇಲ್ಲ ಅಂಕಲ್."

"ಜಾಯಿಂಟ್ ಅಕೌಂಟ್ ಇಲ್ಲದೆ ಎರಡು ವರ್ಷ ಒಟ್ಟಿಗಿದ್ರಾ? ಛೆ ಛೆ, ಇದೆಂಥ ಬಾಳಮ್ಮ!"

ಪಾಪ, ಅವರದೂ ತಪ್ಪಲ್ಲ. ಎರಡು ವರ್ಷ ಆ ಮಕ್ಕಳು ಪಟ್ಟ ಪಾಡೆಲ್ಲ ಗುರುತು ಸಿಗದಂತೆ ಬದುಕುವುದಕ್ಕೆ. ಮನೆ ಕರಾರು ಅವಳ ಹೆಸರಿಗೆ. ಅವನ ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೂ ಹಳೇ ರೂಮಿನ ವಿಳಾಸ, ಅಲ್ಲಿ ಗೆಳೆಯನೊಬ್ಬ ಟಪಾಲು ಎತ್ತಿಡುತ್ತಾನೆ. ಹುಬ್ಬಳ್ಳಿಯಿಂದಲೂ ತ್ರಿಶೂರಿನಿಂದಲೂ ಮುಚ್ಚಿಟ್ಟದ್ದನ್ನೆಲ್ಲ ಈಗ ಸರ್ಕಾರದ ಮುಂದೆ ತೆರೆದಿಡಬೇಕು ಎಂದರೆ, ಮುಚ್ಚುವ ಕೆಲಸವನ್ನು ವಿಪರೀತ ಅಚ್ಚುಕಟ್ಟಾಗಿ ಮಾಡಿಬಿಟ್ಟಿದ್ದಾರೆ.

ಒಟ್ಟಿಗಿರುವುದಕ್ಕೆ ಪುರಾವೆಯಾಗಿ ಫೋಟೋ ಕೊಡಬೇಕು, 20ಕ್ಕೆ ಮೀರದಂತೆ. ಇವರ ಬಳಿ ನಯಾಗರಾದ್ದೇ ರಾಶಿ ಇತ್ತು, ಎಲ್ಲದರಲ್ಲೂ ಅವಳೊಬ್ಬಳೇ. ಅಂಕಲ್ ಕನ್ನಡಕವನ್ನು ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ತಂದರು.

"ಈ ಮೊಣಕೈ ಯಾರದು?"

"ಇವನದೇ. ಅಮ್ಮನಿಗೆ ಕಳಿಸೋಕೆ ಕ್ರಾಪ್ ಮಾಡಿದ್ದೆ."

"ಮೊಣಕೈ ನೋಡಿ ಪಿಆರ್ ಕೊಡಲ್ಲ ಕಣಮ್ಮ. ಪೂರ್ತಿ ಮನುಷ್ಯ ಬೇಕು."

ಅಡುಗೆಮನೆಯಿಂದ ಆಂಟಿಯ ದನಿ: "ನಮ್ಮನೆ ಆಲ್ಬಮ್ಮಲ್ಲಿ ಇವರ ಮೊಣಕೈನೂ ಇಲ್ಲ!" ನಿಜ. ಇಷ್ಟು ವರ್ಷವೂ ಕ್ಯಾಮೆರಾ ಹಿಡಿದವರು ಅಂಕಲ್ಲೇ. ಇವತ್ತು ಅರ್ಜಿ ಹಾಕಿದರೆ ಅವರ ಸಂಸಾರಕ್ಕೇ ಪುರಾವೆ ಸಾಲದು.

ತೆರಿಗೆ ಕಾಗದ ಹೊರಬಂದಾಗ ಮಾತ್ರ ಅಂಕಲ್ ನಿಜಕ್ಕೂ ನೊಂದುಕೊಂಡರು. ಇಬ್ಬರೂ 'ಸಿಂಗಲ್' ಎಂದು ಬರೆದಿದ್ದರು. 12 ತಿಂಗಳು ಒಟ್ಟಿಗೆ ಬಾಳಿದ ಮೇಲೆ ತೆರಿಗೆ ಇಲಾಖೆಗೂ ಕಾಮನ್ ಲಾ ಎಂದೇ ತಿಳಿಸಬೇಕು. ಜಿಎಸ್‌ಟಿ ಕ್ರೆಡಿಟ್ಟನ್ನು ಆಗ ಇಬ್ಬರ ಆದಾಯ ಕೂಡಿಸಿ ಲೆಕ್ಕ ಹಾಕುತ್ತಾರೆ. "ಒಂದು ಇಲಾಖೆಗೆ ಬ್ರಹ್ಮಚಾರಿ, ಇನ್ನೊಂದಕ್ಕೆ ಸಂಸಾರಿ! ಮೊದಲು ಇದನ್ನು ತಿದ್ದಿಸಿ ಬನ್ನಿ." ಅಮ್ಮನಿಗೆ ಸುಳ್ಳು ಹೇಳಿದ್ದನ್ನು ಅವರು ಆಗಲೇ ಕ್ಷಮಿಸಿದ್ದರು. ಇದನ್ನು ಕ್ಷಮಿಸಲಾರರು.

ಘಾಟಿ 5669 ಕೇಳುವುದು ಹತ್ತು ವರ್ಷದ ಚರಿತ್ರೆ, ತಿಂಗಳು ತಿಂಗಳಿನದು, ನಡುವೆ ಖಾಲಿ ಬಿಡುವ ಹಾಗಿಲ್ಲ. ಹುಡುಗ ಬಿಟೆಕ್ ಮುಗಿಸಿ ಕೆಲಸ ಸಿಗುವ ತನಕ ಏನು ಮಾಡುತ್ತಿದ್ದ? "ಮನೇಲಿದ್ದೆ ಅಂಕಲ್, ಸುಮ್ನೆ" ಎಂದ, ಈಚೆಗೆ ಕಲಿತ ಕನ್ನಡದಲ್ಲಿ. "ಸುಮ್ನೆ ಇರೋದಕ್ಕೂ ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಅಂತ ಇರುತ್ತಪ್ಪ. ಬರಿ, ನಿರುದ್ಯೋಗಿ."

ಆಮೇಲೆ ಹುಡುಗಿಯ ಕಡೆ ತಿರುಗಿ 1344ರಲ್ಲಿ ಸ್ಪಾನ್ಸರ್ ಬರೆದುಕೊಡುವ ಮುಚ್ಚಳಿಕೆಯ ಅರ್ಥ ಬಿಡಿಸಿದರು. ಇವನಿಗೆ ಪಿಆರ್ ಸಿಕ್ಕ ದಿನದಿಂದ 3 ವರ್ಷ ಇವನ ಅನ್ನಬಟ್ಟೆಯ ಹೊಣೆ ಅವಳದು. ಇವನು ಸರ್ಕಾರದ ಸಾಮಾಜಿಕ ನೆರವು ಪಡೆದರೆ ಅವಳೇ ತೀರಿಸಬೇಕು. ನಡುವೆ ಜಗಳವಾಡಿ ಬೇರೆಯಾದರೂ ಬಿಡುಗಡೆಯಿಲ್ಲ. "ಏಳು ಹೆಜ್ಜೆ ಇಟ್ಟು ಓಡಿಹೋದವರನ್ನು ನೋಡಿದ್ದೀನಿ. 1344ಕ್ಕೆ ಸಹಿ ಹಾಕಿ ಓಡೋಕಾಗಲ್ಲ." ಹುಡುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಹುಡುಗ ಬೆನ್ನು ನೆಟ್ಟಗೆ ಮಾಡಿ ಕೂತ.

ಕೊನೆಗೆ ಉಳಿದದ್ದು 5532 ಕೆದಕುವ ಮನೆಯವರ ವಿಷಯ. ಮನೆಯವರಿಗೆ, ಆಪ್ತರಿಗೆ ಈ ಸಂಬಂಧ ಗೊತ್ತೇ? ಗೊತ್ತಿಲ್ಲ ಎಂದು ಬರೆಯಬಹುದು, ಕಾರಣ ವಿವರಿಸಬೇಕು. ಕಾರಣ ಬರೆಯಲು ಫಾರ್ಮಿನಲ್ಲಿ ಬಿಟ್ಟಿರುವ ಜಾಗ ಇವಳ ಮನೆತನಕ್ಕೆ ಸಾಲುವಂತಿರಲಿಲ್ಲ. "ಅದಕ್ಕಿಂತ ಹೇಳಿಬಿಡೋದೇ ಸುಲಭ" ಎಂದು ಅಂಕಲ್ ಗಡಿಯಾರ ನೋಡಿದರು. ಹುಬ್ಬಳ್ಳಿಯಲ್ಲಿ ಬೆಳಗಿನ ಚಹಾದ ಹೊತ್ತು.

ಹುಡುಗಿ ಫೋನ್ ಸ್ಪೀಕರಿಗೆ ಹಾಕಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಆ ಕಡೆ ಬಟ್ಟಲು ಕೆಳಗಿಟ್ಟ ಸದ್ದು.

"ನನಗ ಮೊದ್ಲ ಗೊತ್ತಿತ್ತು ಬಿಡವಾ. ದೀಪಾವಳಿಗೆ ವಿಡಿಯೋ ಕಾಲ್ ಮಾಡಿದ್ದೆಲ್ಲ, ನಿನ್ನ ಹಿಂದ ಲುಂಗಿ ಒಣಗಾಕ ಹಾಕಿತ್ತು. ನೀ ಯಾವಾಗಿಂದ ಲುಂಗಿ ಉಡಾಕ ಹತ್ತಿ?"

ಹುಡುಗಿ ಅಳಬೇಕೋ ನಗಬೇಕೋ ತಿಳಿಯದೆ ಕೂತಳು. ಅಂಕಲ್ ಆಗಲೇ ಪೆನ್ನು ತೆಗೆದು ಫೋನಿನತ್ತ ಬಾಗಿದ್ದರು.

"ನಮಸ್ಕಾರ ತಾಯಿ. ಇದನ್ನೇ ಒಂದು ಕಾಗದದಲ್ಲಿ ಬರೆದು ಸಹಿ ಮಾಡಿ ಕಳಿಸಿಕೊಡ್ತೀರಾ? ಲುಂಗಿ ಕಂಡ ತಾರೀಖು ಮರೀಬೇಡಿ."